ಅಸಲಿ ಹಾಡಿನ ಅಸಲಿ ಗಾಯಕ

"ಅಸಲಿ ಯಾವುದು, ನಕಲಿ ಯಾವುದು ಅಂತ ಈ ಸಲ ಜಗತ್ತಿಗೇ ತೋರಿಸಿಬಿಡ್ತೀನಿ!"

ನಮ್ಮ ಗಾಯಕರು ಹಲ್ಲುಜ್ಜುವ ಬ್ರಷ್ಷನ್ನು ಮೈಕಿನಂತೆ ಹಿಡಿದು ಘೋಷಿಸಿದರು. ಜಗತ್ತೆಂದರೆ ಸದ್ಯಕ್ಕೆ ಹೆಂಡತಿ ಮತ್ತು ಆರು ವರ್ಷದ ಮೊಮ್ಮಗಳು.

ಗಾಯಕರು ಹರೆಯದಲ್ಲಿ ಒಂದೇ ಒಂದು ಹಾಡಿನಿಂದ ಹೆಸರು ಮಾಡಿದವರು. "ತಿರುಗಿ ನೋಡು ಗೆಳತಿ, ನನ್ನ ಎದೆಯ ಬೀದಿ ಬೆಳಗಲಿ!" ಆಗ ಊರಿಗೆ ಊರೇ ಅದನ್ನು ಗುನುಗುತ್ತಿತ್ತು. ಈಗಲೂ ಗುನುಗುತ್ತದೆ, ಗಾಯಕರ ಹಂಗಿಲ್ಲದೆ! ಯಾವನೋ ಹೊಸ ಹುಡುಗ ಅದನ್ನು ನೆಗಡಿಯಾದವನಂತೆ ಪಿಸುಗುಟ್ಟಿ ಲಕ್ಷಾಂತರ ಜನರನ್ನು ಅಳಿಸಿದ್ದ. ಜಿಮ್ಮಿನಲ್ಲಿ ಅದಕ್ಕೆ ಡಬಡಬ ಸೇರಿಸಿ ಭಾರ ಎತ್ತಿಸುತ್ತಿದ್ದರು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಪಾತ್ರೆ ಸೋಪಿನ ಜಾಹೀರಾತು: "ಉಜ್ಜಿ ನೋಡು ಗೆಳತಿ, ನಿನ್ನ ಮನೆಯ ಪಾತ್ರೆ ಬೆಳಗಲಿ!" ತಾತ ಹಾಡುವುದನ್ನು ಕೇಳಿದ ಮೊಮ್ಮಗಳು, "ಸೋಪಿನ ಹಾಡು ನಿಂಗೂ ಬರುತ್ತಾ?" ಎಂದಾಗ ಗಾಯಕರಿಗೆ ನಿಜಕ್ಕೂ ಸಂಕಟವಾಯಿತು. ಲೋಕ ಮರೆತರೆ ಮರೆಯಲಿ, ಈ ಪುಟ್ಟಿಗಾದರೂ ಗೊತ್ತಾಗಬೇಡವೇ?

ಅಪಾರ್ಟ್‌ಮೆಂಟಿನ ವಾರ್ಷಿಕ ಸಂಜೆಯಲ್ಲಿ ಅಸಲಿ ಹಾಡು ಹಾಡಿಯೇ ತೀರುವುದೆಂದು ನಿಶ್ಚಯವಾಯಿತು. ಮೊದಲ ಹೆಜ್ಜೆಯಾಗಿ ಆ ಸೋಪನ್ನು ಮನೆಯಿಂದ ಗಡೀಪಾರು ಮಾಡಿದರು.

"ಹಾಗಾದ್ರೆ ಪಾತ್ರೆ ನೀವೇ ತೊಳೀರಿ," ಎಂದು ಹೆಂಡತಿ ಬಾಣಲೆ ಮುಂದಿಟ್ಟರು.

"ಇದು ಕಲಾವಿದನ ಕೈ ಕಣೇ!"

"ಹಾಡೋದು ಬಾಯಲ್ಲಿ ಅಲ್ವಾ? ಕೈ ಖಾಲಿನೇ ಇದೆ."

ವಾರವಿಡೀ ತಾಲೀಮು ಸಿಂಕಿನ ಮುಂದೆಯೇ ನಡೆಯಿತು. ನೊರೆ ಬಾರದ ಬೇರೆ ಪುಡಿ, ಜಪ್ಪಯ್ಯ ಅಂದರೂ ಬಿಡದ ಜಿಡ್ಡು! ಗಾಯಕರು "ತಿರುಗಿ ನೋಡು" ಎಂದು ರಾಗ ಎತ್ತುವುದೇ ತಡ, ಮಲಗುವ ಕೋಣೆಯಿಂದ ಹೆಂಡತಿ ಅದೇ ರಾಗದಲ್ಲಿ ಮುಗಿಸುತ್ತಿದ್ದರು: "ಮಹರಾಯ, ನಿನ್ನ ಒದ್ದೆ ಟವೆಲ್ ಹಾಸಿಗೇಲಿ!" ಮಾತಿನಲ್ಲಿ ಬಹುವಚನ, ಹಾಡಿನಲ್ಲಿ ಏಕವಚನ! ಮದುವೆಯಾದ ಹೊಸದರಲ್ಲಿ ಹೆಂಡತಿ ಕಟ್ಟಿದ ಸಾಲು ಅದು. ಟವೆಲ್ಲೂ ಜಾಗ ಬಿಟ್ಟಿರಲಿಲ್ಲ, ಸಾಲೂ ಹಳತಾಗಿರಲಿಲ್ಲ.

ಆ ಸಂಜೆ ಕಾರು ನಿಲ್ಲಿಸುವ ಜಾಗದಲ್ಲಿ ವೇದಿಕೆ ಎದ್ದಿತು. ಗಾಯಕರು ಹಳೆಯ ಬಿಳಿ ಕೋಟು ತೊಟ್ಟು ಬಂದರು. ಗುಂಡಿ ಹಾಕಲು ಹೊಟ್ಟೆ ಒಪ್ಪಲಿಲ್ಲ. ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಕೀಬೋರ್ಡಿನ ಮುಂದೆ ಕುಳಿತರು.

"ನೀವೆಲ್ಲ ಇದನ್ನ ಸೋಪಿನ ಹಾಡು ಅಂದ್ಕೊಂಡಿದೀರಿ. ಮೂಲ ಕೇಳಿ, ಪಾವನರಾಗಿ!"

ಎಲ್ಲಿ "ಉಜ್ಜಿ ನೋಡು" ಬಾಯಿಗೆ ಬಂದುಬಿಡುತ್ತದೋ ಎಂದು ಗಾಯಕರು ಒಳಗೊಳಗೇ ಕಾವಲು ಕಾದರು. ಕಣ್ಣು ಮುಚ್ಚಿ, ಕೈ ಚಾಚಿ, ತುಂಬು ಕಂಠದಲ್ಲಿ ಹಾಡಿಯೇಬಿಟ್ಟರು:

"ತಿರುಗಿ ನೋಡು ಮಹರಾಯ, ನಿನ್ನ ಒದ್ದೆ ಟವೆಲ್ ಹಾಸಿಗೇಲಿ!"

ಕಾವಲಿದ್ದದ್ದು ಸೋಪಿಗೆ, ನುಗ್ಗಿದ್ದು ಟವೆಲ್ಲು! ಅಸಲಿ ಸಾಲಿಗಾಗಿ ತಡಕಾಡಿದರೆ ತಲೆಯಲ್ಲಿ ಅದರ ಪತ್ತೆಯೇ ಇಲ್ಲ. ಅಷ್ಟರಲ್ಲಿ ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಒನ್ಸ್ ಮೋರ್!" ಅದನ್ನೇ ಮತ್ತೆ ಹಾಡಿದರು. ಈ ಸಲ ಇಡೀ ಸಭೆ ದನಿಗೂಡಿಸಿತು. ಗಾಯಕರು ಬೆವರಿದರು, ಪೆಚ್ಚಾದರು, ಕೊನೆಗೆ ತಮ್ಮ ಅವಸ್ಥೆಗೆ ತಾವೇ ನಕ್ಕುಬಿಟ್ಟರು. ಹೋದ ಮಾನ ಹೋಯಿತು, ಪುಟ್ಟಿಯಾದರೂ ತಮ್ಮ ಕಡೆ ಉಳಿದಾಳು!

ಮೊಮ್ಮಗಳು ಓಡಿಬಂದು ವೇದಿಕೆ ಹತ್ತಿದಳು. ಗಾಯಕರು ಮಂಡಿಯೂರಿ, ಆಸೆಯಿಂದ ಮೈಕನ್ನು ಅವಳ ಬಾಯಿಗೆ ಹಿಡಿದರು. "ಈಗ ಗೊತ್ತಾಯ್ತಾ ಪುಟ್ಟಿ, ಇದು ಯಾರ ಹಾಡು?"

"ಓ, ಗೊತ್ತಾಯ್ತು! ಅಜ್ಜಿ ಹಾಡು! ಸೋಪಿನವ್ರೂ ಕದ್ದಿದ್ದಾರೆ, ನೀನೂ ಕದ್ದಿದೀಯ!"