ಭಾವನಿಗೆ ನಾನು ಕೊಟ್ಟ ಅಪ್ಪಣೆಗಳು

ಯಮಧರ್ಮರಾಯನೇ ಬಾಗಿಲಿಗೆ ಬಂದು ಕರೆದರೂ ನನ್ನ ಭಾವ ಎದ್ದು ಹೋಗುವವರಲ್ಲ. ಕೊರಿಯಾದ ಭಾಷೆಯಲ್ಲಿ ಕರೆದರೆ ಮಾತ್ರ ಹೋದಾರು! ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆಯಾಗದವರು, ಸವಣೂರಿನ ನಮ್ಮ ಮನೆಯಲ್ಲೇ ಇರುವವರು. ಮೂವತ್ತು ವರ್ಷ ಪುತ್ತೂರು, ಸುಳ್ಯ, ಕಡಬ ಎಂದು ಬಸ್ಸಿನಲ್ಲಿ ತಿರುಗಿ ಶಾಲೆಯ ಮಕ್ಕಳಿಗೆ ಟೇಕ್ವಾಂಡೋ ಕಲಿಸಿದರು. ಒದೆಯುವುದಿರಲಿ, ತಡೆಯುವುದಿರಲಿ, ಬಗ್ಗಿ ನಮಸ್ಕರಿಸುವುದಿರಲಿ, ಎಲ್ಲಕ್ಕೂ ಕೊರಿಯಾದ ಹೆಸರೇ ಆಗಬೇಕು. ಕನ್ನಡದಲ್ಲಿ ಹೇಳಿದರೆ ಒದೆ ಗಟ್ಟಿಯಾಗಿ ಬೀಳುವುದಿಲ್ಲವಂತೆ!

ಗುತ್ತಿಗಾರಿನಲ್ಲಿ ಒಂದು ಮಗುವಿನ ತಂದೆ ಕೇಳಿದರಂತೆ: "ಮಾಸ್ಟ್ರೇ, ನಮ್ಮಲ್ಲಿ ಆನೆ ಕಾಟ ಉಂಟು. ಆನೆ ಬಂದ್ರೆ ಯಾವ ಮಾಕ್ಕಿ ಮಾಡುದು?" ಮಾಕ್ಕಿ ಎಂದರೆ ಹೊಡೆತವನ್ನು ತಡೆಯುವುದು. ಭಾವ ನಗಲಿಲ್ಲ. "ಆನೆಗೆ ಮಾಕ್ಕಿ ಇಲ್ಲ. ಓಡುದು" ಎಂದರಂತೆ.

ಅಂಥವರ ಕಾಲೇ ಓಡದ ಹಾಗಾಯಿತು. ಮೊದಲು ಬಲಗೈ ನಡುಗಿ ಚಹಾ ಚೆಲ್ಲಿತು. ಮತ್ತೆ ಕಾಲು ಅಂಟತೊಡಗಿತು. ಪಾರ್ಕಿನ್ಸನ್ ಅಂದರು ಮಂಗಳೂರಿನ ಡಾಕ್ಟರು. ಜಗಲಿಯಲ್ಲಿ ಸರಿಯಾಗಿ ನಡೆದು ಬಂದವರು ಹೊಸಿಲು ಕಂಡ ಕೂಡಲೇ ನಿಂತುಬಿಡುವುದು, ಅಂಗಾಲಿಗೆ ಹಲಸಿನ ಮೇಣ ಮೆತ್ತಿ ನೆಲಕ್ಕೆ ಒತ್ತಿದ ಹಾಗೆ. ಕಾಲು ಗಂಟೆ, ಅರ್ಧ ಗಂಟೆ. ನೋವು ಇರಲಿಲ್ಲ, ಅದೊಂದು ದೇವರ ದಯೆ. ಆದರೆ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಕಾಯಿಲೆ ಎರಡನ್ನೂ ಒರೆಸಿಕೊಂಡು ಹೋಗಿತ್ತು.

"ಪಕ್ಕದಲ್ಲಿ ಯಾರಾದ್ರೂ ಗಟ್ಟಿಯಾಗಿ ಒಂದು, ಎರಡು ಅಂತ ಹೇಳ್ತಾ ಇದ್ರೆ ಕಾಲು ಏಳ್ತದೆ" ಎಂದಿದ್ದರು ಡಾಕ್ಟರು. ನನ್ನ ಗಂಡ ಬೆಳಿಗ್ಗೆ ಹಿಟ್ಟಿನ ಮಿಲ್ಲಿಗೆ ಹೋದರೆ ಸಂಜೆಗೆ ಬರುವವರು. ಉಳಿದವಳು ನಾನು.

ಈಗ ನನ್ನ ಕಷ್ಟ ಕೇಳಿ. ಭಾವನಿಗೆ ಅಪ್ಪಣೆ ಕೊಡುವುದುಂಟೇ? ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರ ಮುಖ ನೋಡಿ "ಊಟಕ್ಕೆ ಬನ್ನಿ" ಎಂದವಳಲ್ಲ. "ಊಟಕ್ಕಾಯಿತು" ಎಂದು ನಾನು ಗೋಡೆಗೆ ಹೇಳುವುದು, ಭಾವ ಅದನ್ನು ಕೇಳಿಸಿಕೊಂಡು ಎದ್ದು ಬರುವುದು. ಮಧ್ಯಸ್ಥಿಕೆ ಮಾಡಿ ಮಾಡಿ ಆ ಗೋಡೆಗೇ ಸಾಕಾಗಿರಬೇಕು! ಮೊದಲ ದಿನ ಹೆದರುತ್ತ, "ನಡೀರಿ ಭಾವ... ಒಂದು... ಎರಡು..." ಎಂದೆ. ಕಾಲು ಕದಲಲಿಲ್ಲ. "ಅದಕ್ಕೆ ಆ ಭಾಷೆಯೇ ಬೇಕು" ಎಂದು ಅವರೇ ನಡುಗುವ ಕೈಯಲ್ಲಿ ಒಂದು ಚೀಟಿ ಬರೆದುಕೊಟ್ಟರು. ಚರ್ಯೊತ್ ಎಂದರೆ ನೆಟ್ಟಗೆ ನಿಲ್ಲು. ಜುಂಬಿ ಎಂದರೆ ಸಿದ್ಧನಾಗು. ಹಾನಾ, ದುಲ್, ಸೆತ್, ನೆತ್ ಎಂದರೆ ಒಂದು, ಎರಡು, ಮೂರು, ನಾಲ್ಕು. ದ್ವಿರೊ ದೊರಾ ಎಂದರೆ ಹಿಂದಕ್ಕೆ ತಿರುಗು. ಚೀಟಿಯನ್ನು ದೇವರ ಕೋಣೆಯ ಬಾಗಿಲಿಗೆ ಅಂಟಿಸಿ, ಸಹಸ್ರನಾಮ ಮುಗಿದ ಮೇಲೆ ದಿನಾ ಬಾಯಿಪಾಠ ಮಾಡಿದೆ.

"ಜುಂಬಿ" ಎಂದೆ ಮೆಲ್ಲಗೆ.

"ಎಂತ, ತೀರ್ಥ ಕೇಳುದಾ? ಹೊಟ್ಟೆಯಿಂದ ಬರ್ಬೇಕು" ಎಂದರು ಭಾವ.

"ಇವತ್ತು ಏಕಾದಶಿ ಭಾವ. ಹೊಟ್ಟೆಯಲ್ಲಿ ಎಂತದ್ದೂ ಇಲ್ಲ."

ಅವರ ಮುಖ ನಗಲಿಲ್ಲ, ಹೆಗಲು ನಕ್ಕಿತು. ನಾನು ಕಣ್ಣು ಮುಚ್ಚಿ ಕಿರುಚಿಯೇಬಿಟ್ಟೆ: "ಚರ್ಯೊತ್! ಹಾನಾ! ದುಲ್!" ಕಣ್ಣು ಬಿಟ್ಟಾಗ ಭಾವ ಹೊಸಿಲಿನ ಆಚೆ ಇದ್ದರು. ಕನ್ನಡದಲ್ಲಿ "ನಡಿ" ಎಂದಿದ್ದರೆ ನನ್ನ ನಾಲಿಗೆ ಬಿದ್ದುಹೋಗುತ್ತಿತ್ತು. ಕೊರಿಯಾದ ಭಾಷೆಯಲ್ಲಿ ಹೇಳಿದ ಪಾಪ ಸಮುದ್ರ ದಾಟಿ ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಚೆಮನೆಯಾಕೆ ಬೇಲಿಯ ಹತ್ತಿರ ಹಿಡಿದು ನಿಲ್ಲಿಸಿದಳು. "ಎಂತ ಮಾರಾಯ್ತಿ, ದಿನಾ ಯಾರಿಗೆ ಬಯ್ಯುದು ನೀನು?"

"ಭಾವನಿಗೆ."

"ಅಯ್ಯೋ, ಅಷ್ಟು ದೊಡ್ಡವರಿಗಾ! ಎಂತ ಮಾಡಿದ್ರು ಅವ್ರು?"

"ನಾಲ್ಕು ಹೆಜ್ಜೆ ನಡೆದ್ರು!"

ಒಮ್ಮೆ ಕಡಬದಲ್ಲಿ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲಲ್ಲೇ ಅಂಟಿಕೊಂಡರು. ಹಿಂದೆ ಹತ್ತು ಜನ. ಕೆಳಗೆ ನಿಂತ ಕಂಡಕ್ಟರ್, "ಇಳೀರಿ ಮಾರಾಯ್ರೆ, ಮುಹೂರ್ತ ನೋಡುದಾ?" ಎಂದ. ನನಗೆ ಎಲ್ಲಿತ್ತೋ ರೋಷ! "ಅಪ್ ಚಾಗಿ!" ಎಂದು ಕೂಗಿದೆ. ಅದು ಮುಂದಕ್ಕೆ ಒದೆಯುವುದಕ್ಕೆ ಹೇಳುವ ಮಾತು. ಭಾವನ ಮೊಣಕಾಲು ಎದ್ದಿತು, ಕಂಡಕ್ಟರ್ ಎರಡು ಮಾರು ಹಿಂದೆ ಹಾರಿದ, ಭಾವ ಇಳಿದರು. ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದು ಅದಕ್ಕೂ ಒಂದು ತುಪ್ಪದ ದೀಪ ಹಚ್ಚಿದೆ.

ಹೀಗೆ ದೇವರ ಒಂದೊಂದೇ ಉಪಕಾರ ಎಣಿಸುತ್ತ ನಾನು ಸ್ವಲ್ಪ ಹೆಚ್ಚೇ ಬೀಗಿದೆನೋ ಏನೋ. ಒಂದು ಬೆಳಿಗ್ಗೆ ಭಾವ ಬಚ್ಚಲಿನಿಂದ ಬರುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತೇ ಹಾನಾ, ದುಲ್ ಎನ್ನುತ್ತಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿತು. ನಾನು ಒಲೆಯ ಕಡೆಗೆ ತಿರುಗಿದೆ. ತಿರುಗುವಾಗ ನನ್ನ ಬಾಯಿ ತನ್ನಷ್ಟಕ್ಕೆ "ದ್ವಿರೊ ದೊರಾ" ಎಂದಿತು. ನಾನು ತಿರುಗುವುದಕ್ಕೆ ನಾನೇ ಅಪ್ಪಣೆ ಕೊಟ್ಟುಕೊಂಡದ್ದು! ಬೇರೆ ಯಾರಾದರೂ ಆಗಿದ್ದರೆ "ಎಂತಕ್ಕೆ?" ಎಂದು ಕೇಳುತ್ತಿದ್ದರು. ಭಾವ ಕೇಳುವವರಲ್ಲ. ಒದ್ದೆ ನೆಲದ ಮೇಲೆ ಗಕ್ಕನೆ ತಿರುಗಿದರು. ಮೈ ತಿರುಗಿತು, ಕಾಲು ತಿರುಗಲಿಲ್ಲ.

ಆ ಸದ್ದನ್ನು ನಾನು ಬರೆಯುವುದಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಸೊಂಟದ ಎಲುಬಿಗೆ ರಾಡ್ ಹಾಕಿದರು. ತಲೆಗೆ ಪೆಟ್ಟಾಗಿರಲಿಲ್ಲ, ಎಣಿಸಿಕೊಳ್ಳುವುದಕ್ಕೆ ನನಗೆ ಉಳಿದದ್ದು ಅದೊಂದೇ. "ಈ ವಾರದೊಳಗೆ ಎದ್ದು ನಿಲ್ಬೇಕು" ಎಂದರು ಅಲ್ಲಿನ ಡಾಕ್ಟರು. "ಇಲ್ಲದಿದ್ರೆ ಇನ್ನು ಮಂಚವೇ. ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿದ್ರೆ ಮತ್ತೆ ನಮ್ಮ ಕೈಯಲ್ಲಿಲ್ಲ."

ಭಾವ ನಿಲ್ಲುವವರೆಗೆ ಅವರೆದುರು ನಾನು ಕೂರುವುದಿಲ್ಲ ಎಂದು ಮನೆದೇವರಿಗೆ ಹೇಳಿಕೊಂಡೆ. ಹಗಲೆಲ್ಲ ಮಂಚದ ಕಾಲಬುಡದಲ್ಲಿ ನಿಂತೆ. ವ್ಯಾಯಾಮ ಮಾಡಿಸುವ ಹುಡುಗಿ ವಾಕರ್ ತಂದಿಟ್ಟು, "ಏಳಿ ಅಜ್ಜ, ಏಳಿ" ಎಂದು ಸೋತಳು. ನನ್ನ ಗಂಡ, "ನೀನು ಹೇಳು ಮಾರಾಯ್ತಿ" ಎಂದರು.

"ನನ್ನ ಮಾತಿಗೇ ಬಿದ್ದದ್ದು ಅವ್ರು. ಇನ್ನು ಈ ಬಾಯಿಂದ ಬೇಡ" ಎಂದೆ.

ಆಗ ದಿಂಬಿನ ಮೇಲಿಂದ ಭಾವನೇ ನನ್ನನ್ನು ನೋಡಿ, "ಹೇಳು" ಎಂದರು.

ಹೇಳಿದೆ. "ಜುಂಬಿ. ಹಾನಾ." ಅವರ ಹಣೆಯಲ್ಲಿ ಬೆವರು ಒಡೆಯಿತು. ಮೈ ಮಂಚದಿಂದ ಒಂದು ಗೇಣು ಎದ್ದಿತು, ಮತ್ತೆ ಕುಸಿಯಿತು. ಮರುದಿನವೂ ಹಾಗೆಯೇ. ಆರನೆಯ ದಿನ ಡಾಕ್ಟರು ಬಂದು ನೋಡಿದರು, ಫೈಲಿನಲ್ಲಿ ಏನೋ ಬರೆದರು, ನಮ್ಮ ಮುಖ ನೋಡದೆ ಹೋದರು. ಹುಡುಗಿ ವಾಕರನ್ನು ಮೆಲ್ಲಗೆ ಪಕ್ಕದ ಮಂಚದವರಿಗೆ ತಳ್ಳಿಕೊಂಡು ಹೋದಳು. ನಾನು ನಿಂತೇ ಇದ್ದೆ.

"ಶ್ವಿಯೊ" ಎಂದರು ಭಾವ.

ಆ ಶಬ್ದ ನನಗೆ ಗೊತ್ತಿರಲಿಲ್ಲ. "ಎಂತ ಭಾವ? ನೀರು ಬೇಕಾ?"

"ಕ್ಲಾಸಲ್ಲಿ ಮಾಸ್ಟ್ರು ಅದು ಹೇಳುವವರೆಗೆ ಮಕ್ಕಳು ನಿಂತೇ ಇರ್ಬೇಕು." ಒಂದು ಉಸಿರು ತೆಗೆದುಕೊಂಡರು. "ಈಗ ನಾನು ಹೇಳಿ ಆಯ್ತಲ್ಲ. ಸಾಕು ನಿಂತದ್ದು. ಕೂತ್ಕೊ."

ಕೂರಲು ಅಲ್ಲಿ ಸ್ಟೂಲು ಕೂಡ ಇರಲಿಲ್ಲ. ನಡುಗುವ ಕೈ ಹೊದಿಕೆಯನ್ನು ಸರಿಸಿ ಸರಿಸಿ ಮಂಚದ ಅಂಚಿನಲ್ಲಿ ಒಂದಿಷ್ಟು ಜಾಗ ಮಾಡಿತು. ಹರಕೆಯ ವಿಷಯ ದೇವರ ಹತ್ತಿರ ಆಮೇಲೆ ಮಾತಾಡಿಕೊಂಡರಾಯಿತು ಎಂದು ನಾನು ಕೂತೆ. ಕೂತ ಮೇಲೆಯೇ ಅಳು ಬಂದದ್ದು.