ಒಂದು ಎಲೆಯಡಿಕೆಯಷ್ಟು ಉದ್ದ

ನನ್ನ ಬ್ಲಾಗಿನ ಪ್ರಧಾನ ಸಂಪಾದಕರಿಗೆ ಓದು ಬರಹ ಬರುವುದಿಲ್ಲ. ನಗಬೇಡಿ! ಅವರು ಒಪ್ಪದೆ ನನ್ನ ಒಂದು ಸಾಲೂ ಇಂಟರ್ನೆಟ್ಟಿನ ಮುಖ ನೋಡುವುದಿಲ್ಲ. ಅವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ವಾಸ ಯಳಂದೂರು ತಾಲ್ಲೂಕಿನ ಮಾಂಬಳ್ಳಿ. ಸಂಪಾದಕೀಯ ಕಚೇರಿ ಅವರ ಮನೆಯ ಜಗುಲಿ. ಕಚೇರಿಯ ಏಕೈಕ ಉಪಕರಣ ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆ ಚೀಲ.

ನಾನು ಕೊಳ್ಳೇಗಾಲದಲ್ಲಿ ಮನೆ ಮಾಡಿಕೊಂಡು ದಿನಾ ಹನೂರಿಗೆ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಪ್ರಾಣಿ! ಹೋಟೆಲಿನಲ್ಲಿ ಲೋಟ ತೊಳೆದುಕೊಂಡು ಬಿ.ಎ. ಮುಗಿಸಿದವನು. ಒಂದೊಂದು ಪದವನ್ನೂ ಬೆವರು ಸುರಿಸಿ ಕಲಿತಿದ್ದೇನೆ. ಕಲಿತದ್ದನ್ನು ಬರೆಯದೆ ಉಪ್ಪಿನಕಾಯಿ ಹಾಕಲೇ? ಹಾಗಾಗಿ ಬ್ಲಾಗು ತೆರೆದೆ. ಹಾಗಾಗಿ ಬರಹಗಳು ಉದ್ದವಾದವು. ಹಾಗಾಗಿ ಯಾರೂ ಓದಲಿಲ್ಲ.

ತಪ್ಪು, ಒಬ್ಬನಿದ್ದ. ಹೂಗ್ಯಂನಲ್ಲಿ ಮೇಷ್ಟರಾಗಿರುವ ನನ್ನ ಗೆಳೆಯ. ನಾನು ಮೂರು ದಿನ ಕೂತು ಬರೆದದ್ದನ್ನು ಹಾಕಿದ ಅರ್ಧ ನಿಮಿಷಕ್ಕೆ ‘ಅದ್ಭುತ!’ ಎಂದು ಅವನ ಪ್ರತಿಕ್ರಿಯೆ. ಫೋನು ಮಾಡಿದೆ.

“ಲೇ, ಅರ್ಧ ನಿಮಿಷದಲ್ಲಿ ಎಂಗ್ಲಾ ಓದ್ದೆ?”

“ಓದ್ದೆ ಅಂತ ಯಾರ್ಲಾ ಅಂದೋರು? ಇಲ್ಲಿ ಬಂಡೆ ಮೇಲ್ ನಿಂತ್ರೆ ಮಾತ್ರ ನೆಟ್‌ವರ್ಕು. ಈ ಬಿಸ್ಲಲ್ಲಿ ನಿಂತು ಅದ್ಭುತ ಅಂದಿದ್ದೇ ದೊಡ್ಡದು, ಸುಮ್ಕಿರು!”

ಹಾಗಾದರೆ ಓದುಗನನ್ನು ಹಿಡಿದಿಡಲು ಬರಹ ಎಷ್ಟು ಉದ್ದ ಇರಬೇಕು? ಇಂಟರ್ನೆಟ್ಟಿನಲ್ಲೇ ಹುಡುಕಿದೆ. ಮುನ್ನೂರು ಪದ ದಾಟಬೇಡ ಎಂದರು ಒಬ್ಬರು. ಸಾವಿರಕ್ಕಿಂತ ಕಡಿಮೆ ಬರೆಯುವವನು ಬರಹಗಾರನೇ ಅಲ್ಲ ಎಂದರು ಇನ್ನೊಬ್ಬರು. ಉದ್ದ ಮುಖ್ಯವಲ್ಲ ಎಂದು ಮೂರನೆಯವರು ಬಹಳ ಉದ್ದವಾಗಿ ಬರೆದಿದ್ದರು. ತಲೆ ಕೆಟ್ಟು ಭಾನುವಾರ ಅತ್ತೆಯ ಮನೆಗೆ ಹೋದೆ.

“ಏನ್ಲಾ ಅಳೀಮಯ್ಯ, ಮಖ ಬಾಡೋಗದೆ?” ಎಂದಳು. ಹೇಳಿಕೊಂಡೆ. “ಅದೇನ್ ಬರ್ದಿದ್ದೀಯೋ ಓದು, ಕೇಳವ” ಎಂದಳು.

ಎಲೆಯನ್ನು ಸೆರಗಿಗೆ ಒರೆಸಿದಳು. ತೊಟ್ಟು ಮುರಿದಳು. ಸುಣ್ಣ ಹಚ್ಚಿ, ಅಡಿಕೆ ಹೊಗೆಸೊಪ್ಪು ಇಟ್ಟು, ಮಡಿಸಿ ದವಡೆಗೆ ಒತ್ತರಿಸಿದಳು. ಬಾಯಿ ಮುಚ್ಚಿತು, ಶುರು ಮಾಡು ಎಂದು ಕೈ ಆಡಿತು. ನಾನು ಪಾಲಾರ್‌ಗೆ ಹೋಗಿ ಬಂದ ಪ್ರವಾಸದ ಲೇಖನ ಓದತೊಡಗಿದೆ. ಮುಂಜಾವಿನ ಸೊಬಗು ವರ್ಣಿಸಿದೆ. ಪ್ರವಾಸದ ಮಹತ್ವ ವಿವರಿಸಿದೆ. ನಡುವೆ ನನ್ನ ಡಿಗ್ರಿಯನ್ನೂ ಸೇರಿಸಿದೆ. ಅತ್ತೆ ಎದ್ದಳು, ಹಿತ್ತಲಿಗೆ ಹೋದಳು, ಉಗಿದು ಬಾಯಿ ಮುಕ್ಕಳಿಸಿ ಬಂದಳು.

“ನಿನ್ ಬಸ್ಸು ಇನ್ನೂ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಲ್ಲೇ ನಿಂತದೆ, ನನ್ ಬಾಯಿ ತುಂಬೋಯ್ತು. ಕಾಫಿ ಕುಡೀತೀಯೇನ್ಲಾ?”

ಅಂದಿನಿಂದ ಕಾನೂನು ಜಾರಿಗೆ ಬಂತು. ಒಂದು ಎಲೆ, ಒಂದು ಬರಹ. ಉಗಿದು ಬಂದವಳು “ಆಮೇಲೇನಾಯ್ತ್ಲಾ?” ಎಂದರೆ ಬರಹ ಬದುಕಿದೆ. “ಕಾಫಿ ಕುಡೀತೀಯಾ?” ಎಂದರೆ ತೀರಿಕೊಂಡಿದೆ. ಮೊದಲ ವರ್ಷ ನಾನು ಕುಡಿದ ಕಾಫಿಗೆ ಲೆಕ್ಕವಿಲ್ಲ!

ಗಡಗಡನೆ ಓದಿ ನೋಡಿದೆ. “ಯಾಕ್ಲಾ, ನಾಯಿ ಅಟ್ಟಿಸ್ಕಂಡ್ ಬಂದದಾ?” ಎಂದಳು. ಕೊನೆಗೆ ಮೋಸಕ್ಕಿಳಿದೆ. ಹೊಗೆಸೊಪ್ಪಿನಿಂದಲೇ ಬಾಯಿ ಬೇಗ ತುಂಬುವುದು ಎಂದು ತಿಳಿದಿತ್ತು. ಅವಳು ಚೀಲವನ್ನು ಜಗುಲಿಯ ಮೇಲೇ ಬಿಟ್ಟು ಒಳಗೆ ಹೋದಾಗ ಅದನ್ನು ತೆಗೆದು ನನ್ನ ಜೇಬಿಗಿಟ್ಟುಕೊಂಡೆ. ಬಂದು ಚೀಲಕ್ಕೆ ಕೈ ಹಾಕಿದವಳು ನನ್ನ ಜೇಬನ್ನೇ ನೋಡಿದಳು.

“ನೀ ಬರ್ದಿದ್ದು ನಿಲ್ಲಾಕಿಲ್ಲ ಅಂತ ನನ್ ಹೊಗೆಸೊಪ್ಪು ಕದೀತಿಯಾ? ಇದ್ಕೇನ್ಲಾ ಬಿ.ಎ. ಓದಿದ್ದು?”

ಪದವೀಧರನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಮನೆಗೆ ಬಂದು ಕತ್ತರಿಸಿದೆ. ಮುಂಜಾವಿನ ಸೊಬಗು ಹೋಯಿತು. ಮಹತ್ವ ಹೋಯಿತು. ಎದೆ ಗಟ್ಟಿ ಮಾಡಿಕೊಂಡು ಡಿಗ್ರಿಯನ್ನೂ ತೆಗೆದೆ. ಈಗ ಬಸ್ಸು ಮೊದಲ ಸಾಲಿಗೇ ಪಾಲಾರ್ ತಲುಪುತ್ತದೆ. ಸೋಜಿಗವೆಂದರೆ, ಜನ ಓದತೊಡಗಿದರು. ಹೂಗ್ಯಂನ ಗೆಳೆಯ ಕೂಡ ಬಂಡೆಯ ಮೇಲೆ ಛತ್ರಿ ಹಿಡಿದು ನಿಂತು ಓದಿದನಂತೆ!

ಆದರೆ ಈ ವರ್ಷ ಒಂದು ಬರಹ ಕಡಿಯಲು ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಬಗ್ಗೆ ಬರೆದದ್ದು ಅದು. ಎಷ್ಟು ಕತ್ತರಿಸಿದರೂ ಎರಡು ಎಲೆಗಿಂತ ಉದ್ದ. ಯಾವುದನ್ನು ತೆಗೆಯಲಿ? ಅವರಿವರ ಗದ್ದೆಯಲ್ಲಿ ನಾಟಿ ಮಾಡುತ್ತಲೇ ನನ್ನ ಪರೀಕ್ಷೆಯ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದುದನ್ನೇ? ಬಿ.ಎ. ಮಾರ್ಕ್ಸ್ ಕಾರ್ಡು ಬಂದ ದಿನ, ಕೆಸರು ಕಾಲಲ್ಲಿ ಮುಟ್ಟಬಾರದೆಂದು ಕಾಲುವೆಗೆ ಹೋಗಿ ಕೈಕಾಲು ತೊಳೆದು ಬಂದು ಅದನ್ನು ಈಸಿಕೊಂಡದ್ದನ್ನೇ? ಕಾರ್ಡು ಅಪ್ಪನ ಕೈಗೆ ಕೊಟ್ಟು ನಾನು ಹೋಟೆಲ್ ಕೆಲಸಕ್ಕೆ ಬಸ್ಸು ಹತ್ತಿದಲ್ಲಿಗೆ ಬರಹ ಮುಗಿಯುತ್ತಿತ್ತು. ಅಪ್ಪನ ಬರಹವಾದರೂ ಕಾಫಿಯಲ್ಲಿ ಮುಗಿಯದಿರಲಿ ಎಂದುಕೊಂಡು ಮಾಂಬಳ್ಳಿಗೆ ಹೋದೆ.

ಅತ್ತೆ ಎಲೆ ಒರೆಸಿದಳು, ಸುಣ್ಣ ಹಚ್ಚಿದಳು. “ಯಾರ್ದು?” ಎಂದಳು. “ಅಪ್ಪಂದು” ಎಂದೆ. ಕೈ ಆಡಿತು. ಅವಳು ಎದ್ದುಬಿಟ್ಟಾಳೆಂಬ ಭಯಕ್ಕೆ ತಲೆ ಎತ್ತದೆ ಓದಿದೆ. ಮುಗಿಸಿ ನೋಡಿದರೆ ಅವಳು ಕದಲಿರಲಿಲ್ಲ. ಮಡಿಸಿದ ಎಲೆ ಬೆರಳ ನಡುವೆ ಹಾಗೇ ಇತ್ತು.

“ಯಾಕತ್ತೆ, ಎಲೆ ಆಕ್ಕಳ್ಳೇ ಇಲ್ಲ?”

“ಆಕ್ಕಂಡ್ರೆ ಎದ್ದೋಗ್ಬೇಕಾಯ್ತದಲ್ಲ” ಎಂದಳು. ಆಮೇಲೆ, “ಇಷ್ಟೇಯಾ?” ಎಂದಳು.

ನಾನು ಬರೆದದ್ದು ಗಿಡ್ಡವಾಯಿತೆಂದು ಅತ್ತೆ ಹೇಳಿದ್ದು ಅದೇ ಮೊದಲು.

“ಕಾಲು ತೊಳ್ಕಂಡಿದ್ ಬರ್ದೆ. ಆಮೇಲಿಂದು ಎಲ್ಲಿ? ನೀ ಬಸ್ಸತ್ತಿದ್ ಮ್ಯಾಕೆ ಆ ಕಾರ್ಡ್ ತಕಂಡು ಸೀದಾ ಇಲ್ಗೇ ಬಂದ. ಇದೇ ಜಗ್ಲಿ. ‘ನೋಡಕ್ಕ’ ಅಂತ ನನ್ ಕೈಗ್ ಕೊಟ್ಟ. ನಂಗೂ ಓದಕ್ ಬರಾಕಿಲ್ಲ, ಅವ್ನಿಗೂ ಬರಾಕಿಲ್ಲ. ಇಬ್ರೂ ಅದ್ನೇ ನೋಡ್ಕಂಡು ಕೂತಿದ್ವಿ.”

ಇದು ನನಗೆ ಗೊತ್ತೇ ಇರಲಿಲ್ಲ.

“ಎಷ್ಟೊತ್ತು ಅತ್ತೆ?”

“ಯಾರ್ಗ್ ಗೊತ್ತು ಬುಡ್ಲಾ” ಎಂದಳು, ಬಾಡಿದ ಎಲೆಯನ್ನು ಚೀಲಕ್ಕೆ ಹಾಕುತ್ತಾ. “ಅವತ್ತೂ ಎಲೆ ಆಕ್ಕಂಡಿರ್ನಿಲ್ಲ.”