ಮುಂದಿನ ಸೀಟಿನ ದೆವ್ವ

ಮೆಲ್ಲಗೆ ಮಾತನಾಡುವುದು ಹೆಣ್ಣುಮಕ್ಕಳಿಗೆ ಒಂದು ಒಡವೆಯಿದ್ದಂತೆ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಂಬಿಸಿದವರು ನಮ್ಮ ಕಾನ್ವೆಂಟಿನ ಸಿಸ್ಟರುಗಳು. ಆಡಿದ ಮಾತು ಪಕ್ಕದವಳಿಗೆ ಕೇಳಿದರೆ ಸಾಕು, ಅದರಾಚೆಯ ಬೆಂಚಿಗೆ ಹೋಗಕೂಡದು ಎಂಬುದು ಅವರ ನಿಯಮ. ಅವರು ಹಾಕುತ್ತಿದ್ದದ್ದು ರಬ್ಬರ್ ಅಟ್ಟೆಯ ಬೂಟು. ಯಾವಾಗ ಬೆನ್ನ ಹಿಂದೆ ಬಂದು ನಿಂತರೆಂದು ತಿಳಿಯುತ್ತಲೇ ಇರಲಿಲ್ಲ. ಕತ್ತಿನ ಮೇಲೆ ತಣ್ಣಗೆ ಏನೋ ಸುಳಿದಂತಾದರೆ ಸಿಸ್ಟರ್ ಬಂದಿದ್ದಾರೆಂದು ತಿಳಿದುಕೊಳ್ಳಬೇಕಿತ್ತು. ಶಾಲೆ ಮುಗಿಯುವ ಹೊತ್ತಿಗೆ ನನ್ನ ಧ್ವನಿಯ ಸಾಮರ್ಥ್ಯ ಒಂದು ಬೆಂಚಿನ ಉದ್ದಕ್ಕೆ ಸರಿಯಾಗಿ ನಿಂತುಬಿಟ್ಟಿತು. ಇವತ್ತಿಗೂ ಹಲಸೂರು ಮಾರ್ಕೆಟ್ಟಿನಲ್ಲಿ ನಾನು ಬೀನ್ಸ್ ಕೇಳಿದರೆ ತರಕಾರಿಯವಳು ನನ್ನ ಹಿಂದೆ ನಿಂತವರ ಮುಖ ನೋಡುತ್ತಾಳೆ. ಕ್ಲಿನಿಕ್ಕಿನಲ್ಲಿ ಹೆಸರು ಕರೆದಾಗ ನಾನು 'ಇದ್ದೇನೆ' ಎನ್ನುತ್ತೇನೆ. 'ಇವರು ಇಲ್ಲ, ಮುಂದಿನವರು ಬನ್ನಿ' ಎನ್ನುತ್ತಾರೆ. ಎದುರಿಗೇ ಕುಳಿತು ಇಲ್ಲ ಎನಿಸಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ನನ್ನ ಯಜಮಾನರದ್ದು ಇದಕ್ಕೆ ತದ್ವಿರುದ್ಧವಾದ ಲೋಕ. ಕೆ.ಆರ್. ಪುರದ ಒಂದು ಕಾರ್ಖಾನೆಯಲ್ಲಿ, ತಗಡನ್ನು ಅಚ್ಚಿಗೆ ಹಾಕಿ ಗುದ್ದುವ ವಿಭಾಗದಲ್ಲಿ ಸೂಪರ್‌ವೈಸರ್. ಅಲ್ಲಿ ಮಾತು ಎಂದರೆ ಕೂಗು. ಮದುವೆಯಾದ ಹೊಸದರಲ್ಲಿ ಅವರು 'ಉಪ್ಪು' ಎಂದರೆ ಪಕ್ಕದ ಮನೆಯವರೂ ಡಬ್ಬಿ ತೆಗೆಯುತ್ತಿದ್ದರು. ಹೇಗೋ ಇಬ್ಬರೂ ಹೊಂದಿಕೊಂಡೆವು. ಆದರೆ ಇತ್ತೀಚೆಗೆ ಅವರ ಬಾಯಲ್ಲಿ ಹೊಸದಾಗಿ ಒಂದು 'ಆಂ?' ಸೇರಿಕೊಂಡಿತು. ಆಮೇಲೆ 'ಆಂ' ಹೋಗಿ 'ಹ್ಞೂಂ' ಬಂತು. ನನಗೆ ದಿಗಿಲಾದದ್ದು ಆಗ. 'ಆಂ' ಎನ್ನುವವನಿಗೆ ಕೇಳಲಿಲ್ಲವೆಂಬ ಅರಿವಾದರೂ ಇರುತ್ತದೆ; 'ಹ್ಞೂಂ' ಎನ್ನುವವನು ಆ ಪ್ರಯತ್ನವನ್ನೂ ಬಿಟ್ಟಿರುತ್ತಾನೆ. ಒಂದು ಭಾನುವಾರ ಬಾಣಸವಾಡಿಯಲ್ಲಿರುವ ಅವರ ಅಕ್ಕನ ಮನೆಗೆ ಹೋಗುವಾಗ, ಹಳೇ ಮದ್ರಾಸ್ ರಸ್ತೆಯ ಲಾರಿಗಳ ನಡುವೆ, ನನ್ನ ತಮ್ಮನಿಗೆ ಆಪರೇಷನ್ ಆಗಬೇಕಂತೆ ಎಂದು ಹೇಳಿದೆ. "ಹ್ಞೂಂ, ಒಳ್ಳೇದಾಯ್ತು ಬಿಡು" ಎಂದರು.

ಅವತ್ತು ಸಂಜೆಯೇ ಅವರ ಎದುರು ನಿಂತು, ತುಟಿ ಕಾಣುವಂತೆ ಹೇಳಿದೆ. "ರೀ, ಒಂದ್ಸಲ ಕಿವಿ ತೋರಿಸ್ಕೊಳ್ಳಿ."

"ನನ್ನ ಕಿವಿಗೇನಾಗಿದೆ? ಆ ಕಾರಿನ ತಗಡು ಹಪ್ಪಳದ ಥರ ಇದೆ. ರೋಡ್ ಸದ್ದೆಲ್ಲ ಒಳಗೇ ಬರುತ್ತೆ. ಅದರಲ್ಲಿ ನೀನು ಹೀಗೆ ಪಿಸಪಿಸ ಅಂದ್ರೆ ದೇವರಿಗೂ ಕೇಳಲ್ಲ ಶಾಲೂ. ತಪ್ಪು ಕಾರಿಂದು. ಅದನ್ನ ನಾನೇ ಸರಿ ಮಾಡ್ತೀನಿ."

ಕಿವಿ ತೋರಿಸುವುದನ್ನು ತಪ್ಪಿಸಿಕೊಳ್ಳಲು ಒಬ್ಬ ಗಂಡಸು ಎಷ್ಟು ದೂರ ಹೋಗಬಲ್ಲ ಎಂಬುದನ್ನು ನಾನು ಆಮೇಲೆ ಕಂಡೆ. ಕಾರಿನ ಸೀಟುಗಳು ಬಿಚ್ಚಿಕೊಂಡು ನಮ್ಮ ಹಾಲಿಗೆ ಬಂದವು. ನಮ್ಮ ಸೋಫಾದ ಎದುರು ಸಾಲಾಗಿ ಕುಳಿತು, ಯಾರೂ ಇಲ್ಲದಾಗ ಅವೇ ಏನೋ ಮಾತಾಡಿಕೊಳ್ಳುತ್ತಿದ್ದು ನಾನು ಬಂದೊಡನೆ ನಿಲ್ಲಿಸಿದಂತೆ ಕಾಣುತ್ತಿದ್ದವು. ಬಾಗಿಲುಗಳ ಒಳಹೊದಿಕೆ ಕಳಚಿದಾಗ ಕಾರಿನ ಅಸ್ಥಿಪಂಜರ ಹೊರಬಿತ್ತು. ಒಂದು ಕಡೆ ಬೆಳ್ಳಿಯ ಹಾಳೆ, ಇನ್ನೊಂದು ಕಡೆ ಡಾಂಬರಿನಂಥ ಕಪ್ಪು ಅಂಟು ಇರುವ ಹಾಸುಗಳನ್ನು ತಂದು ತಗಡಿನ ಉದ್ದಕ್ಕೂ ಮೆತ್ತತೊಡಗಿದರು. ಅಂಟು ಮೆತ್ತಗಾಗಲು ಬಿಸಿ ಬೇಕೆಂದು ನನ್ನ ಕೂದಲು ಒಣಗಿಸುವ ಯಂತ್ರ ಹೋಯಿತು. ಗಾಳಿ ಉಳಿಯದಂತೆ ಒತ್ತಬೇಕೆಂದು ನನ್ನ ಲಟ್ಟಣಿಗೆ ಹೋಯಿತು. ಆ ವಾರದ ಚಪಾತಿಗಳಿಗೆಲ್ಲ ಹೊಸ ರಸ್ತೆಯ ವಾಸನೆ. ಒಂದೊಂದು ಬಾಗಿಲು ಮುಗಿದಾಗಲೂ ಬೆರಳಿನ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಮೊದಲು 'ಢಣ್' ಎನ್ನುತ್ತಿದ್ದದ್ದು ಈಗ 'ದಬ್' ಎನ್ನುತ್ತಿತ್ತು. ಒಳಗೆ ಯಾರೋ ಇದ್ದು ಉಸಿರು ಬಿಗಿಹಿಡಿದ ಹಾಗೆ. ಆ ತಟ್ಟುವ ಚಟ ಮನೆಯೊಳಗೂ ಬಂತು. ಫ್ರಿಜ್ ತಟ್ಟಿದರು, ಬೀರು ತಟ್ಟಿದರು. ಒಂದು ದಿನ ನಾನು ಹೂ ಕಟ್ಟುತ್ತ ಕುಳಿತಿದ್ದಾಗ ನನ್ನ ಬೆನ್ನ ಹಿಂದಿನ ಗೋಡೆಯನ್ನು ತಟ್ಟಿ, "ಇದು ಟೊಳ್ಳು" ಎಂದು ಹೇಳಿ ಹೋದರು. ಆಮೇಲೆ ಆ ಗೋಡೆಗೆ ಬೆನ್ನು ಕೊಟ್ಟು ಕೂರಲು ನನಗೆ ಆಗಲಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ಹಾಡುಗಳೆಲ್ಲ ಸಪ್ಪೆಯಾಗಿ ಕೇಳುತ್ತವೆ, ಕೆಳಗಿನ ಸ್ವರ ಸಾಲದು, ಡಿಕ್ಕಿಯಲ್ಲಿ ಒಂದು ಸಬ್‌ವೂಫರ್ ಇಡಬೇಕು ಎಂದರು. ಮಾತಿನ ಸಣ್ಣ ಸದ್ದು ಕೇಳದ ಕಿವಿಗೆ ಗುಡುಗಿನಂಥ ಸದ್ದನ್ನಾದರೂ ಕೊಡಬೇಕಲ್ಲ. ಆ ದೊಡ್ಡ ಸ್ಪೀಕರಿಗೆ ಗಾಳಿಯಾಡದ ಮರದ ಪೆಟ್ಟಿಗೆ ಬೇಕು. ಒಂದು ಸಂದಿ ಬಿಟ್ಟರೂ ಅದು ಗೊರಗುಟ್ಟುತ್ತದೆ. ನಮ್ಮ ಬೀದಿಯ ಬಡಗಿ ಮಾಡಿಕೊಟ್ಟ ಪೆಟ್ಟಿಗೆ ಹಾಗೇ ಗೊರಗುಟ್ಟಿತು. ಕಾರ್ಖಾನೆಯ ಗೆಳೆಯರೊಬ್ಬರು, "ಗಾಳಿ ಆಡಬಾರದು ಅಂದ್ರೆ ಶಿವಾಜಿನಗರದ ಆಚೆ ಅರುಳ್ ಅಂತ ಇದ್ದಾನೆ ಗುರು, ಅವನ ಪೆಟ್ಟಿಗೆ ಮುಗೀತು ಅಂದ್ರೆ ಮುಗೀತು" ಎಂದರಂತೆ. ಅರುಳ್ ಮಾಡುವುದು ಎಂಥ ಪೆಟ್ಟಿಗೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಅಥವಾ ಹೇಳಿದ್ದು ಇವರಿಗೆ ಕೇಳಿಸಲಿಲ್ಲ.

ಅಂಗಡಿಯ ಗೋಡೆಗೆ ಶವಪೆಟ್ಟಿಗೆಗಳು ಒರಗಿ ನಿಂತಿದ್ದವು. ಉದ್ದನೆಯವು, ಗಿಡ್ಡವು, ಮೂಲೆಯಲ್ಲಿ ತೀರ ಚಿಕ್ಕವು. ಎಲ್ಲದರ ಅಂಚಿಗೂ ಮುದ್ದಾಗಿ ನೆರಿಗೆ ಹಿಡಿದ ಬಿಳಿ ಬಟ್ಟೆ. ಅಷ್ಟು ಅಚ್ಚುಕಟ್ಟಾದ ನೆರಿಗೆಯನ್ನು ನಾನು ನನ್ನ ಸೀರೆಗೂ ಹಿಡಿದವಳಲ್ಲ. ಅರುಳ್ ಎದ್ದು ಬಂದು ಕೈಕಟ್ಟಿಕೊಂಡು, ಆಸ್ಪತ್ರೆಯ ವಾರ್ಡಿನಲ್ಲಿ ಮಾತಾಡುವಂಥ ಧ್ವನಿಯಲ್ಲಿ ಕೇಳಿದ.

"ಯಾರಿಗಮ್ಮಾ?"

"ಸಬ್‌ವೂಫರಿಗೆ" ಎಂದರು ನಮ್ಮವರು ದೊಡ್ಡದಾಗಿ.

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಲೆ ತಗ್ಗಿಸಿ, "ಎಷ್ಟು ಉದ್ದ ಇದ್ರು ಸಾರ್?" ಎಂದ.

ನಾನು ನಮ್ಮವರ ತೋಳು ಹಿಡಿದು, "ಹೋಗೋಣ ರೀ, ನನಗ್ಯಾಕೋ ಸರಿ ಕಾಣ್ತಿಲ್ಲ" ಎಂದು ಪಿಸುಗುಟ್ಟಿದೆ. ಅವರಿಗೆ ಕೇಳಲಿಲ್ಲ. ಆದರೆ ಅಂಗಡಿಯ ಆ ತುದಿಯಲ್ಲಿ ಟೇಪು ಹುಡುಕುತ್ತಿದ್ದ ಅರುಳ್ ತಿರುಗಿದ.

"ಪರವಾಗಿಲ್ಲ, ಕೂತ್ಕೊಳ್ಳಿಮ್ಮಾ. ಮೊದಲ ಸಲ ಬಂದೋರಿಗೆ ಹಂಗೇ ಆಗ್ತದೆ."

"ನಿಮಗೆ ಕೇಳಿಸ್ತಾ?"

"ಕೇಳ್ತದಮ್ಮಾ. ಇಲ್ಲಿಗೆ ಬರೋರೆಲ್ಲ ನಿಮ್ ಥರಾನೇ ಮಾತಾಡೋದು."

ಬೆಂಗಳೂರಿನಲ್ಲಿ ನನ್ನ ಮಾತು ಒಂದೇ ಸಲಕ್ಕೆ ಕೇಳಿಸಿಕೊಂಡ ಮೊದಲ ವ್ಯಾಪಾರಿ ಅವನು. ಸಂತೋಷಪಡಬೇಕೋ ಬೇಡವೋ ತಿಳಿಯದೆ ನಾನು ಕುಳಿತೆ.

ಪೆಟ್ಟಿಗೆ ಮನೆಗೆ ಬಂತು. ಅಳತೆಯೆಲ್ಲ ನಮ್ಮವರು ಬರೆದುಕೊಟ್ಟಂತೆಯೇ ಇತ್ತು. ಆದರೆ ಕೈಗೆ ಕೂತ ಕೆಲಸ ಎಲ್ಲಿ ಬಿಡುತ್ತದೆ? ಎರಡು ಬದಿಗೂ ಹಿತ್ತಾಳೆಯ ಹಿಡಿ. ಮೈಗೆಲ್ಲ ಕಪ್ಪು ಮಖಮಲ್ಲು. ಒಳಗೆ ಮೆತ್ತಗೆ ಹತ್ತಿಯ ಹಾಸು. ನಮ್ಮವರಂತೂ ಹಿಗ್ಗಿದರು, ಇಂಥ ಪೆಟ್ಟಿಗೆಯೊಳಗೆ ಹತ್ತಿ ತುಂಬಿದರೆ ಸದ್ದು ತುಂಬಿಕೊಂಡು ಬರುತ್ತದಂತೆ. ಅವರೂ ಗೂಡ್ಸ್ ಆಟೋದವನೂ ಆಚೆಗೊಂದು ಈಚೆಗೊಂದು ಹಿಡಿ ಹಿಡಿದು, ಹೆಜ್ಜೆಗೆ ಹೆಜ್ಜೆ ಕೂಡಿಸಿ ಗೇಟಿನೊಳಗೆ ಬರುವಾಗ ಕೆಳಗಿನ ಮನೆಯ ನಸೀಮಾ ಆಂಟಿ ಬಾಗಿಲಿಗೆ ಬಂದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತರು. ಪೆಟ್ಟಿಗೆಯ ಉದ್ದವನ್ನೇ ನೋಡುತ್ತ, "ಯಾ ಅಲ್ಲಾ. ಯಾರ ಮಗು ಶಾಲಿನಿ?" ಎಂದರು.

"ಮಗು ಅಲ್ಲ ಆಂಟಿ, ಸ್ಪೀಕರು" ಎಂದೆ. ಎಂದಿನ ಧ್ವನಿಯಲ್ಲೇ. ಅವರಿಗೆ ನನ್ನ ತುಟಿ ನಡುಗಿದ್ದು ಮಾತ್ರ ಕಂಡಿತೆಂದು ತೋರುತ್ತದೆ. ನನ್ನ ಎರಡೂ ಕೈ ಹಿಡಿದು ಕಣ್ಣೊರೆಸಿಕೊಂಡರು. ಮಧ್ಯಾಹ್ನ ಅವರ ಮನೆಯಿಂದ ಅನ್ನ, ದಾಲು ಬಂದವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ನಮ್ಮವರು ಎರಡು ಸಲ ಬಡಿಸಿಕೊಂಡು ಉಂಡರು. ನನಗೆ ಮಾತ್ರ, ಯಾರೋ ನಿಜವಾಗಿಯೇ ಹೋಗಿರಬಹುದು, ಯಾರೆಂಬುದು ನಮಗಿನ್ನೂ ಗೊತ್ತಾಗಿಲ್ಲ ಎನಿಸುತ್ತಿತ್ತು.

ಆ ಭಾನುವಾರ ಹೊಸ ಕಾರಿನಲ್ಲಿ, ಅಂದರೆ ಹಳೆಯ ಕಾರಿನ ಹೊಸ ಅವತಾರದಲ್ಲಿ, ಬಾಣಸವಾಡಿಗೆ ಹೊರಟೆವು. ಬಾಗಿಲು ಮುಚ್ಚಿದ ಸದ್ದು ಬಾಗಿಲಿನದಾಗಿರಲಿಲ್ಲ, ಮುಚ್ಚಳದ್ದಾಗಿತ್ತು. ಅದರೊಂದಿಗೆ ಹಲಸೂರು ನಿಂತುಹೋಯಿತು. ಹೂವಿನವಳ ಬಾಯಿ ತೆರೆದು ಮುಚ್ಚುತ್ತಿತ್ತು, ಕೂಗಿಲ್ಲ. ಪಕ್ಕದಲ್ಲೇ ಲಾರಿಯೊಂದು ಕೆರೆಯ ಮೀನಿನ ಹಾಗೆ ತೇಲಿಹೋಯಿತು. ಮೆಟ್ರೋ ತಲೆಯ ಮೇಲೆ ನೆರಳಾಗಿ ಜಾರಿತು. ನಾನು, "ಎಷ್ಟು ನಿಶ್ಶಬ್ದ ಅಲ್ವಾ?" ಎಂದೆ. ಸಾಮಾನ್ಯವಾಗಿ ಆಡಿದ ಮಾತು ಎಲ್ಲಾದರೂ ತಗಲಿ ಸ್ವಲ್ಪವಾದರೂ ವಾಪಸ್ ಬರುತ್ತದೆ. ಅದರಿಂದಲೇ ನಾವು ಮಾತಾಡಿದ್ದೇವೆಂದು ನಮಗೆ ಗೊತ್ತಾಗುವುದು. ಇಲ್ಲಿ ಅದು ಬಾಯಿಂದ ಹೊರಟು ಮಡಿಲಲ್ಲಿ ಬಿದ್ದು ಸತ್ತಿತು. ನಮ್ಮವರು ರಸ್ತೆ ನೋಡುತ್ತಿದ್ದರು. 'ಆಂ' ಇಲ್ಲ. 'ಹ್ಞೂಂ' ಕೂಡ ಇಲ್ಲ.

ಇವರ ಕಿವಿ ಪೂರ್ತಿ ಹೋಯಿತು ಎಂದು ಮೊದಲು ಅನ್ನಿಸಿತು. ಆಮೇಲೆ ಅದಕ್ಕಿಂತ ವಿಚಿತ್ರವಾದ ಯೋಚನೆ ಬಂತು. ಹೋಗಿರುವುದು ಅವರ ಕಿವಿಯೋ ಅಥವಾ ನಾನೋ? ನಗಬೇಡಿ. ಸಾಕ್ಷಿಗಳನ್ನು ನೋಡಿ. ಸಿಗ್ನಲ್ಲಿನಲ್ಲಿ ಪೆನ್ನು ಮಾರುವವನು ಅವರ ಕಿಟಕಿ ಬಡಿದ, ನನ್ನ ಕಡೆ ತಿರುಗಲಿಲ್ಲ. ನಮ್ಮವರ ಅಕ್ಕ ಗೇಟಿನಲ್ಲಿ, "ಬಂದ್ಯಾ?" ಎಂದು ತಮ್ಮನನ್ನು ಮಾತ್ರ ಕೇಳಿದರು. ನನ್ನ ಮಾತು ಸರಿಯಾಗಿ ಕೇಳಿಸಿದ್ದು ಇಡೀ ಊರಿನಲ್ಲಿ ಶವಪೆಟ್ಟಿಗೆಯವನಿಗೊಬ್ಬನಿಗೇ. ಅವನು ಮಾಡಿಕೊಟ್ಟ ಕಪ್ಪು ಪೆಟ್ಟಿಗೆ ನನ್ನ ಬೆನ್ನ ಹಿಂದೆ, ಡಿಕ್ಕಿಯಲ್ಲಿ, ಹಾಡು ಹಾಕಿದಾಗೆಲ್ಲ ಧಕ್ ಧಕ್ ಎಂದು ಬಡಿದುಕೊಳ್ಳುತ್ತಿತ್ತು. ಸದ್ದಿಗಿಂತ ಹೆಚ್ಚಾಗಿ ಅದು ಸೀಟಿನ ಮೂಲಕ ಪಕ್ಕೆಲುಬಿಗೆ ಬರುತ್ತಿತ್ತು. ಬಡಿದುಕೊಳ್ಳುವುದು ಅದೊಂದೇ, ನನ್ನದು ನಿಂತಿದೆಯೇನೋ ಎಂದು ಸೆರಗಿನೊಳಗೆ ಕೈಯಿಟ್ಟು ನೋಡಿಕೊಂಡೆ. ಎರಡೂ ಒಂದೇ ತಾಳದಲ್ಲಿದ್ದುದರಿಂದ ಏನೂ ಗೊತ್ತಾಗಲಿಲ್ಲ.

ದೆವ್ವವಾಗುವುದರಲ್ಲಿ ಒಂದು ಅನುಕೂಲವಿದೆ. ಅದು ಯಾರಿಗೂ ಮರ್ಯಾದೆ ಕೊಡಬೇಕಾಗಿಲ್ಲ. ಮುಂದಿನ ಭಾನುವಾರ, ಪರೀಕ್ಷೆಗೆಂದು, "ನಿಮ್ಮ ಕಾಲರ್ ಹರಿದಿದೆ" ಎಂದೆ. ಉತ್ತರವಿಲ್ಲ. "ಆ ಮೀಸೆ ನಿಮಗೆ ಒಪ್ಪಲ್ಲ" ಎಂದೆ. ರಸ್ತೆ ನೋಡುತ್ತಲೇ ಇದ್ದರು. ಅದರ ಮುಂದಿನ ವಾರ ಧೈರ್ಯ ಬೆಳೆಯಿತು. ನಿಮ್ಮಕ್ಕನ ಬಿಸಿಬೇಳೆಬಾತು ತಿಂದು ತಿಂದು ನನಗೆ ಭಾನುವಾರವೆಂದರೆ ಎದೆಯುರಿ ಎಂದೆ. ನೀವು ಹಾಡಿಕೊಳ್ಳುವಾಗ ಶ್ರುತಿ ಒಂದು ಕಡೆ, ನೀವು ಒಂದು ಕಡೆ ಎಂದೆ. ನಮ್ಮ ಮದುವೆಯಾದ ವರ್ಷ ನೀವು ತಂದ ಕಂದು ಸೀರೆಯನ್ನು ಪಾತ್ರೆಯವನಿಗೆ ಹಾಕಿ ಕುಕ್ಕರ್ ತಗೊಂಡೆ ಎಂದೆ. ಎಲ್ಲವನ್ನೂ ಕಾನ್ವೆಂಟಿನ ಧ್ವನಿಯಲ್ಲೇ, ಮುಗುಳ್ನಗುತ್ತ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದೆ. ಅಷ್ಟು ಹಗುರಾಗಿ ನಾನು ಯಾವತ್ತೂ ಬಾಣಸವಾಡಿಗೆ ಹೋಗಿರಲಿಲ್ಲ.

ಆದರೆ ಹಗುರಾದ ಮಾತೆಲ್ಲ ಮುಗಿದ ಮೇಲೆ ತಳದಲ್ಲಿ ಭಾರದ್ದೊಂದು ಉಳಿಯುತ್ತದೆ. ಒಂದು ಭಾನುವಾರ ಅದು ಹೊರಬಂತು. "ನನಗೆ ಭಯ ಆಗುತ್ತೆ ರೀ" ಎಂದೆ. "ಬಚ್ಚಲಲ್ಲಿ ಜಾರಿ ಬಿದ್ದು ಕೂಗಿದೆ ಅಂತ ಇಟ್ಕೊಳ್ಳಿ, ನಿಮಗೆ ಕೇಳಲ್ಲ. ನೀವು ಹಾಲಲ್ಲಿ ಪೇಪರ್ ಓದ್ತಾ ಇರ್ತೀರ. ನಾನು ಸಾಯೋದು ಇರಲಿ, ಕೂಗಿದ್ದು ಯಾರಿಗೂ ಕೇಳ್ಲಿಲ್ಲವಲ್ಲ ಅಂತ ಅಂದ್ಕೊಂಡು ಸಾಯ್ಬೇಕಲ್ಲ, ಅದು ನನಗೆ ಬೇಡ. ಒಂದೇ ಒಂದ್ಸಲ ಕಿವಿ ತೋರಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಹಾಡು ನಿಲ್ಲಿಸಿದರು. ಬೆನ್ನ ಹಿಂದಿನ ಬಡಿತ ನಿಂತಿತು. ಎಡಕ್ಕೆ ಬಾಣಸವಾಡಿಯ ಕಡೆ ಹೋಗಬೇಕಾಗಿದ್ದ ಕಾರು ಬಲಕ್ಕೆ, ಇಂದಿರಾನಗರದೊಳಗೆ ತಿರುಗಿತು. ದಾರಿ ತಪ್ಪಿತು ಎಂದೆ. ದೊಡ್ಡ ಮರಗಳ ಕೆಳಗಿನ ಒಂದು ಅಡ್ಡರಸ್ತೆಯಲ್ಲಿ, ಷಟರ್ ಎಳೆದಿದ್ದ ಕಟ್ಟಡವೊಂದರ ಎದುರು ಕಾರು ನಿಂತಿತು. ಷಟರಿನ ಮೇಲಿನ ಬೋರ್ಡಿನಲ್ಲಿ ದೊಡ್ಡದೊಂದು ಕಿವಿಯ ಚಿತ್ರ. ಎಂಜಿನ್ನೂ ನಿಂತಾಗ ಕಾರಿನೊಳಗೆ ನನ್ನ ಕಣ್ಣೆವೆ ಬಡಿದುಕೊಂಡದ್ದು ಕೂಡ ಕೇಳಬಹುದಿತ್ತು.

"ಇವತ್ತು ಭಾನುವಾರ, ಮುಚ್ಚಿರುತ್ತೆ" ಎಂದರು, ಅದೇ ಎದುರು ರಸ್ತೆ ನೋಡುತ್ತ. "ಜಾಗ ನೋಡ್ಕೊಂಡು ಹೋಗೋಣ ಅಂತ ಬಂದೆ."

ನಾನು, "ಕೇಳಿಸ್ತಾ?" ಎಂದೆ.

"ಕಾರಲ್ಲಿ ಎಲ್ಲಾ ಕೇಳುತ್ತೆ ಶಾಲೂ. ಶೀಟ್ ಹಾಕಿದ ದಿನದಿಂದ. ಮನೇಲಿ ಕೇಳಲ್ಲ, ಫ್ಯಾನು, ಮಿಕ್ಸಿ, ರೋಡು. ಅದಕ್ಕೇ ಗೊತ್ತಾಯ್ತು, ತಪ್ಪು ಕಾರಿಂದಲ್ಲ ಅಂತ."

"ಹಾಗಿದ್ರೆ ಇಷ್ಟು ವಾರ ಯಾಕೆ ಸುಮ್ಮನಿದ್ರಿ?"

"ನೀನು ಒಟ್ಟಿಗೆ ಇಷ್ಟು ಮಾತಾಡಿದ್ದು ನಾನು ಯಾವತ್ತಾದ್ರೂ ಕೇಳಿದೀನಾ? ನಡುವೆ ಬಾಯಿ ಹಾಕಿದ್ರೆ ನಿಲ್ಲಿಸಿಬಿಡ್ತೀಯ ಅಂತ." ಕೀಲಿ ತಿರುಗಿಸುತ್ತ, "ಆ ಸೀರೆ ವಿಷಯ ಮಾತ್ರ ಹೇಳಬಾರದಾಗಿತ್ತು" ಎಂದರು.

ಬದುಕಿಬಂದಾಗ ಆಗುವ ನಾಚಿಕೆಯನ್ನು ವಿವರಿಸುವುದು ಕಷ್ಟ. ಮೀಸೆ, ಶ್ರುತಿ, ಎದೆಯುರಿ ಎಲ್ಲವೂ ಒಂದೊಂದಾಗಿ ಮೆರವಣಿಗೆ ಬಂದವು. ಮುಂದಿನ ಸೀಟಿನಲ್ಲಿ ನಾನು ಎಷ್ಟು ಚಿಕ್ಕವಳಾದೆನೆಂದರೆ, ಅರುಳ್ ಅಂಗಡಿಯ ಮೂಲೆಯ ಪೆಟ್ಟಿಗೆಯೇ ಸಾಕಾಗುತ್ತಿತ್ತು.

ಆ ವಾರವೇ ಕಿವಿ ತೋರಿಸಿಕೊಂಡರು. ಈಗ ಎರಡೂ ಕಿವಿಯ ಹಿಂದೆ ಹುರುಳಿಕಾಳಿನಷ್ಟೇ ಕಾಣುವ ಮಿಷನ್ನುಗಳಿವೆ. ನನ್ನ ಮಾತು ಒಂದೇ ಸಲಕ್ಕೆ ಕೇಳುತ್ತದೆ. ತೊಂದರೆಯೆಂದರೆ, ಕೇಳಿಸಿಕೊಳ್ಳುವವರು ಸಿಕ್ಕಿದ ಕೂಡಲೇ ನನ್ನ ಮಾತೇ ನಿಂತುಹೋಯಿತು. ಭಾನುವಾರ ಕಾರು ಹತ್ತಿದರೆ ಅವರು ಹಾಡು ಹಾಕುವುದಿಲ್ಲ, ನಿಧಾನವಾಗಿ ಓಡಿಸುತ್ತಾರೆ, ಕಾಯುತ್ತಾರೆ. ನಾನು ಪರೀಕ್ಷೆಯಲ್ಲಿ ಉತ್ತರ ಮರೆತವಳಂತೆ, "ಸಿಗ್ನಲ್ ಬಿತ್ತು" ಎನ್ನುತ್ತೇನೆ. ದೆವ್ವಕ್ಕಿದ್ದ ಧೈರ್ಯ ಹೆಂಡತಿಗಿಲ್ಲ. ಅದಕ್ಕೇ ಕಳೆದ ಶನಿವಾರ ಒಗ್ಗರಣೆ ಹಾಕುತ್ತ, ನಾಳೆ ಹೇಳಬೇಕಾದ್ದನ್ನು ಅಡುಗೆಮನೆಯಲ್ಲೇ ಒಂದಷ್ಟು ಅಭ್ಯಾಸ ಮಾಡಿಕೊಂಡೆ, ಯಾರಿಗೂ ಕೇಳದಂತೆ. ಮರುದಿನ ಕಾರು ಹಳೇ ಮದ್ರಾಸ್ ರಸ್ತೆಗೆ ಬಂದರೂ ನಾನು ಬಾಯಿಬಿಡಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು.

"ನಿನ್ನೆ ಅಡುಗೆಮನೇಲಿ ಹೇಳ್ಕೊಳ್ತಿದ್ದೆಯಲ್ಲ, ಅದರಲ್ಲಿ ಎರಡನೇದು ಚೆನ್ನಾಗಿತ್ತು. ಅದರಿಂದಲೇ ಶುರು ಮಾಡು."